ಸತ್ತವನ ಚಿತ್ರ ಯಾರಿಗೆ ಸೇರಬೇಕು?

ನವೆಂಬರ್ ತಿಂಗಳು ಬಂದರೆ ನಮ್ಮ ಕಾಲುಗಳು ತಾವಾಗಿಯೇ ಸಮಾಧಿ ಭೂಮಿಯ ಕಡೆಗೆ ನಡೆಯುತ್ತವೆ. ಮಳೆಗಾಲದಲ್ಲಿ ಬೆಳೆದ ಹುಲ್ಲು ಕೀಳುತ್ತೇವೆ, ಶಿಲುಬೆಗೆ ಸುಣ್ಣ ಬಳಿಯುತ್ತೇವೆ, ಮೇಣದಬತ್ತಿ ಹಚ್ಚುತ್ತೇವೆ. ನಮ್ಮ ಮೃತರ ಹೆಸರುಗಳನ್ನು ಚೀಟಿಯಲ್ಲಿ ಬರೆದು ಗುರುಗಳ ಕೈಗೆ ಕೊಡುತ್ತೇವೆ. ಮರಕ್ಕಡವಿನಲ್ಲಿ ಕನ್ನಡದಲ್ಲಿ ಪ್ರಾರ್ಥಿಸುವ ಮನೆಗಳು ಬೆರಳೆಣಿಕೆಯಷ್ಟೇ ಆದರೂ ಆ ಚೀಟಿಗಳು ಮಾತ್ರ ಕಡಿಮೆಯಿರುವುದಿಲ್ಲ. ಕೆಲವರು ಹೊಳೆಯಾಚೆ ಬೈರಕುಪ್ಪೆಯಲ್ಲಿ ತೀರಿಕೊಂಡ ಅಜ್ಜ ಅಜ್ಜಿಯರ ಹೆಸರನ್ನೂ ಸೇರಿಸುತ್ತಾರೆ.

ಈ ಸಲ ಸಕಲ ಮೃತರ ಸ್ಮರಣೆಯ ಬಲಿಪೂಜೆ ಮುಗಿದು ನಾವು ಅಂಗಳದಲ್ಲಿ ಚಹಾ ಕುಡಿಯುತ್ತಾ ನಿಂತಿದ್ದಾಗ ಒಂದು ಮೊಬೈಲ್ ಕೈಯಿಂದ ಕೈಗೆ ಹೋಯಿತು. ಛತ್ತೀಸ್‌ಗಢದ ಕಾಡಿನಲ್ಲಿ ಕೊಲ್ಲಲ್ಪಟ್ಟ ಮಾವೋವಾದಿಯ ಚಿತ್ರ ಎಂದು ಅದನ್ನು ತಂದ ಯುವಕ ಹೇಳಿದ. ಮುಖದ ಅರ್ಧ ಭಾಗ ಇರಲಿಲ್ಲ. ಅಂಗಿ ಎದೆಯವರೆಗೆ ಮೇಲೆದ್ದಿತ್ತು. ಚಿತ್ರದ ಅಂಚಿನಲ್ಲಿ ಎರಡು ಬೂಟುಗಳು ಕಾಣುತ್ತಿದ್ದವು. "ಇವರಿಗೆಲ್ಲ ಹೀಗೇ ಆಗಬೇಕು" ಎಂದರು ಒಬ್ಬರು. ಇನ್ನೊಬ್ಬರು ಮುಖ ತಿರುಗಿಸಿದರು. ಉಳಿದವರು ನೋಡಿದೆವು. ನೋಡಿದೆವು ಎಂದೇ ಬರೆಯಬೇಕು, ಏಕೆಂದರೆ ಬೇಡ ಎನ್ನುತ್ತಲೇ ಕತ್ತು ಚಾಚಿದವರು ನಾವೇ. ಅಷ್ಟರಲ್ಲಿ ಎಂಟು ವರ್ಷದ ಮಗುವೊಂದು ಎಲ್ಲರ ನಡುವೆ ತೂರಿ ಬಂದು ನೋಡಿ, "ತಾತ, ಇವರ ಹೆಸರೇನು?" ಎಂದು ಕೇಳಿತು.

ಯಾರಿಗೂ ಗೊತ್ತಿರಲಿಲ್ಲ. ಅರ್ಧ ಗಂಟೆ ಮೊದಲು ನಾವು ಹೆಸರುಗಳ ಚೀಟಿ ಕೊಟ್ಟು ಬಂದಿದ್ದವರು.

ಆ ದಿನದಿಂದ ನಮ್ಮಲ್ಲಿ ಒಂದು ಚರ್ಚೆ ನಡೆದಿದೆ. ಸರಕಾರ ತಾನು ಕೊಂದ ವೈರಿಯ ಇಂಥ ಚಿತ್ರಗಳನ್ನು ಹೊರಗೆ ಬಿಡಬಹುದೇ? ಬಿಡುವುದು ಕರ್ತವ್ಯ ಎಂದವರು ಇದ್ದಾರೆ. ಜನರ ತೆರಿಗೆಯಲ್ಲಿ, ಜನರ ಹೆಸರಿನಲ್ಲಿ ಬಂದೂಕು ಹಿಡಿದವರು ಏನು ಮಾಡಿದರೆಂದು ಜನರಿಗೆ ತೋರಿಸಬೇಡವೇ ಎಂಬುದು ಅವರ ಮಾತು. ಅದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ವಯನಾಡಿನಲ್ಲಿ ಇರುವವರಂತೂ ತಳ್ಳಿಹಾಕಲೇಬಾರದು.

ಪುಲ್ಪಳ್ಳಿ ನಮಗೆ ದೂರದ ಊರಲ್ಲ; ಸಂತೆಗೂ ಆಸ್ಪತ್ರೆಗೂ ನಾವು ಹೋಗುವ ಊರು. 1968ರ ನವೆಂಬರ್‌ನಲ್ಲಿ ಅಲ್ಲಿನ ಪೊಲೀಸ್ ಠಾಣೆಯ ಮೇಲೆ ನಕ್ಸಲೀಯರು ದಾಳಿ ಮಾಡಿದರು. ವೈರ್‌ಲೆಸ್ ಕೆಲಸದಲ್ಲಿದ್ದ ಒಬ್ಬ ಪೊಲೀಸ್ ಸಿಬ್ಬಂದಿ ಸತ್ತರು. ದಾಳಿ ಮಾಡಿದವರಲ್ಲಿ ಇಪ್ಪತ್ತು ವರ್ಷವೂ ತುಂಬದ ಅಜಿತಾ ಇದ್ದರು. ಅವರು ಸಿಕ್ಕಿಬಿದ್ದಾಗ ಪೊಲೀಸರು ಅವರನ್ನು ಸೇರಿದ್ದ ಜನರಿಗೆ ಕಾಣುವಂತೆ ನಿಲ್ಲಿಸಿದರು. ಆ ಚಿತ್ರವನ್ನು ಇಂದಿಗೂ ಪತ್ರಿಕೆಗಳು ಆಗಾಗ ಅಚ್ಚು ಹಾಕುತ್ತವೆ. ಅಜಿತಾ ಬದುಕಿದ್ದರು, ಸೆರೆವಾಸ ಮುಗಿಸಿದರು, ಮುಂದೆ ಕೋಳಿಕ್ಕೋಡಿನಲ್ಲಿ 'ಅನ್ವೇಷಿ' ಎಂಬ ಸಂಸ್ಥೆ ಕಟ್ಟಿ ನೊಂದ ಹೆಂಗಸರ ಪರ ನಿಂತರು. ಆ ದಿನ ಅವರನ್ನು ಪ್ರದರ್ಶನಕ್ಕಿಟ್ಟದ್ದರ ಬಗ್ಗೆ ತಾವೇ ಮಾತಾಡಲು, ಬರೆಯಲು ಅವರಿಗೆ ಆಯುಸ್ಸು ಸಿಕ್ಕಿತು. ಸತ್ತವರಿಗೆ ಅದು ಸಿಗುವುದಿಲ್ಲ.

ಅದೇ ದಾಳಿಯ ಇನ್ನೊಬ್ಬ ಮುಖಂಡ ವರ್ಗೀಸ್. ವಯನಾಡಿನ ಕ್ರೈಸ್ತ ಮನೆಯಲ್ಲಿ ಹುಟ್ಟಿ, ಜೀತದಂಥ ದುಡಿಮೆಯಲ್ಲಿದ್ದ ಅಡಿಯರ ಪರ ನಿಂತು, ಆಮೇಲೆ ಹಿಂಸೆಯ ದಾರಿ ಹಿಡಿದವರು. ಆ ದಾರಿಯನ್ನು ನಾವು ಒಪ್ಪುವುದಿಲ್ಲ. 1970ರ ಫೆಬ್ರುವರಿ 18ರಂದು ತಿರುನೆಲ್ಲಿ ಕಾಡಿನಲ್ಲಿ ಅವರು ಸತ್ತರು. ಪೊಲೀಸರೊಂದಿಗೆ ನಡೆದ ಗುಂಡಿನ ಕಾಳಗದಲ್ಲಿ ಸತ್ತರು ಎಂದು ಸರಕಾರ ಹೇಳಿತು. ಇಪ್ಪತ್ತೆಂಟು ವರ್ಷ ಅದೇ ಸತ್ಯವಾಗಿ ಉಳಿಯಿತು. 1998ರಲ್ಲಿ ರಾಮಚಂದ್ರನ್ ನಾಯರ್ ಎಂಬ ನಿವೃತ್ತ ಕಾನ್‌ಸ್ಟೆಬಲ್ ಬಾಯಿಬಿಟ್ಟರು: ಕಾಳಗವೇನೂ ನಡೆದಿರಲಿಲ್ಲ, ಸೆರೆ ಸಿಕ್ಕಿದ್ದ ವರ್ಗೀಸರನ್ನು ಮೇಲಧಿಕಾರಿಯ ಆಜ್ಞೆಯಂತೆ ತಾನೇ ಗುಂಡಿಟ್ಟು ಕೊಂದೆ ಎಂದರು. ಸಿಬಿಐ ತನಿಖೆಯಾಯಿತು. 2010ರಲ್ಲಿ ನಿವೃತ್ತ ಐಜಿ ಒಬ್ಬರಿಗೆ ಜೀವಾವಧಿ ಶಿಕ್ಷೆಯಾಯಿತು. ಅಷ್ಟರಲ್ಲಿ ರಾಮಚಂದ್ರನ್ ನಾಯರ್ ತೀರಿಕೊಂಡಿದ್ದರು. ಮನಸ್ಸಾಕ್ಷಿ ಎಂಬ ಮಾತನ್ನು ಧರ್ಮೋಪದೇಶ ತರಗತಿಯಲ್ಲಿ ಮಕ್ಕಳಿಗೆ ಹೇಳಿಕೊಡುವಾಗ ನಾವು ದೂರದ ಸಂತರ ಕತೆ ಹುಡುಕುತ್ತೇವೆ. ತಿರುನೆಲ್ಲಿಯ ಈ ಕಾನ್‌ಸ್ಟೆಬಲ್ ನೆನಪಾಗುವುದಿಲ್ಲ.

ಈ ಪ್ರಕರಣದಲ್ಲಿ ಚಿತ್ರದ ಪಾತ್ರವೇನು? ವರ್ಗೀಸರ ಮೃತದೇಹದ ಚಿತ್ರವನ್ನು ಅಂದು ಎಷ್ಟು ಪತ್ರಿಕೆಗಳಲ್ಲಿ ಹಾಕಿದ್ದರೂ ಅದು ಹೇಳಬಹುದಾಗಿದ್ದದ್ದು ಒಂದೇ ಮಾತು: ವರ್ಗೀಸ್ ಸತ್ತಿದ್ದಾರೆ. ಹೇಗೆ ಸತ್ತರು, ಕೈ ಕಟ್ಟಿತ್ತೇ, ಯಾರು ಆಜ್ಞೆ ಕೊಟ್ಟರು, ಇದಾವುದನ್ನೂ ಅದು ಹೇಳುತ್ತಿರಲಿಲ್ಲ. ಅದನ್ನೆಲ್ಲ ಹೇಳಿದ್ದು ಒಬ್ಬ ಮನುಷ್ಯನ ಬಾಯಿ, ಆಮೇಲೆ ಒಂದು ನ್ಯಾಯಾಲಯ.

ನಮ್ಮ ಜಿಲ್ಲೆಯಲ್ಲೇ ಈಚಿನ ಇನ್ನೊಂದು ಸಾವಿದೆ. 2019ರ ಮಾರ್ಚ್‌ನಲ್ಲಿ ವೈತ್ತಿರಿಯ ಬಳಿ ಒಂದು ರೆಸಾರ್ಟಿನಲ್ಲಿ ಮಾವೋವಾದಿ ಸಿ.ಪಿ. ಜಲೀಲ್ ಪೊಲೀಸರ ಗುಂಡಿಗೆ ಬಲಿಯಾದರು. ಅವರ ಬಳಿ ನಾಡಬಂದೂಕು ಇತ್ತು, ಮೊದಲು ಗುಂಡು ಹಾರಿಸಿದ್ದು ಅವರ ಕಡೆಯವರೇ ಎಂದು ಪೊಲೀಸರು ಹೇಳಿದರು. ಮರುವರ್ಷ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಸುದ್ದಿಯಾಯಿತು: ಆ ಬಂದೂಕಿನಿಂದ ಗುಂಡು ಹಾರಿರಲಿಲ್ಲ. ಜಿಲ್ಲಾಧಿಕಾರಿಗಳ ವಿಚಾರಣೆ ಪೊಲೀಸರ ತಪ್ಪಿಲ್ಲ ಎಂದಿತು. ಕುಟುಂಬದವರು ಅದನ್ನು ಒಪ್ಪಲಿಲ್ಲ. ಯಾರು ಸರಿ ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ಶವದ ಪಕ್ಕದಲ್ಲಿ ಬಂದೂಕು ಇರುವ ಚಿತ್ರ ಕಂಡರೆ ನಮ್ಮ ಕಣ್ಣು ಎಷ್ಟು ಬೇಗ ತೀರ್ಪು ಕೊಟ್ಟುಬಿಡುತ್ತದೆ ಎಂಬುದನ್ನು ಯೋಚಿಸಿದರೆ ಭಯವಾಗುತ್ತದೆ.

ಹಾಗಿದ್ದರೆ ಚಿತ್ರವೇ ಬೇಡವೇ? ಅದೂ ಸರಿಯಲ್ಲ. ಕೇರಳದಲ್ಲಿ ಬದುಕುವ ನಮಗೆ ಈಚರ ವಾರಿಯರ್ ಅವರ ನೆನಪಿರಬೇಕು. ಅವರ ಮಗ ರಾಜನ್ ಕೋಳಿಕ್ಕೋಡಿನ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ. ತುರ್ತುಪರಿಸ್ಥಿತಿಯಲ್ಲಿ, 1976ರ ಮಾರ್ಚ್‌ನಲ್ಲಿ, ಪೊಲೀಸರು ಆತನನ್ನು ಹಿಡಿದು ಕಕ್ಕಯಂ ಶಿಬಿರಕ್ಕೆ ಒಯ್ದರು. ಆಮೇಲೆ ದೇಹವೂ ಇಲ್ಲ, ಚಿತ್ರವೂ ಇಲ್ಲ. ಆ ತಂದೆ 2006ರಲ್ಲಿ ಕಣ್ಣು ಮುಚ್ಚುವವರೆಗೂ ಮಗನ ದೇಹ ಎಲ್ಲಿ ಎಂದು ಕೇಳುತ್ತಲೇ ಇದ್ದರು. ಏನನ್ನೂ ತೋರಿಸದ ಸರಕಾರ ಎಲ್ಲವನ್ನೂ ತೋರಿಸುವ ಸರಕಾರಕ್ಕಿಂತ ಸಭ್ಯ ಎಂದು ಹೇಳಲು ಅವರ ಮುಂದೆ ನಮಗೆ ನಾಲಿಗೆ ಏಳದು.

ಈಗ ನಮ್ಮ ಕನ್ನಡನಾಡಿನ ಕತೆಗೆ ಬರೋಣ. ಚಿತ್ರ ಬಿಡಲೇಬೇಕು ಎನ್ನುವವರು ಮೊದಲು ಹೇಳುವ ಹೆಸರು ವೀರಪ್ಪನ್. 2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿಯ ಬಳಿ ತಮಿಳುನಾಡು ವಿಶೇಷ ಕಾರ್ಯಪಡೆ ಅವನನ್ನೂ ಮೂವರು ಸಂಗಡಿಗರನ್ನೂ ಕೊಂದಿತು. ಮರುದಿನ ಅವನ ಶವದ ಚಿತ್ರ ಎಲ್ಲ ಟಿವಿಗಳಲ್ಲೂ ಪತ್ರಿಕೆಗಳಲ್ಲೂ ಬಂತು. ಹಣೆಯ ಮೇಲಿನ ಗಾಯ, ಕತ್ತರಿಸಿ ಸಣ್ಣದಾಗಿದ್ದ ಮೀಸೆ. ಧರ್ಮಪುರಿ ಆಸ್ಪತ್ರೆಯ ಮುಂದೆ ಜನ ಜಾತ್ರೆಯಂತೆ ಸೇರಿದರು. ನಮ್ಮಲ್ಲಿ ಹಲವರು ಅಂದು ಆ ಚಿತ್ರವನ್ನು ಎರಡೆರಡು ಸಲ ನೋಡಿದೆವು. ನಂಬಬೇಕಲ್ಲ! ಇಪ್ಪತ್ತು ವರ್ಷ ಮೂರು ರಾಜ್ಯಗಳ ಕೈಗೆ ಸಿಗದವನು, 2000ದಲ್ಲಿ ಡಾ. ರಾಜ್‌ಕುಮಾರ್ ಅವರನ್ನು 108 ದಿನ ಕಾಡಿನಲ್ಲಿ ಇಟ್ಟುಕೊಂಡವನು, ಮಾಜಿ ಸಚಿವ ನಾಗಪ್ಪ ಅವರನ್ನು ಅಪಹರಿಸಿ ಶವವಾಗಿ ಮರಳಿಸಿದವನು. ಬರೀ ಪತ್ರಿಕಾ ಹೇಳಿಕೆ ಕೊಟ್ಟಿದ್ದರೆ ಯಾರು ನಂಬುತ್ತಿದ್ದರು? ಸತ್ತಿಲ್ಲ, ಇನ್ನೂ ಸತ್ಯಮಂಗಲದ ಕಾಡಿನಲ್ಲಿದ್ದಾನೆ ಎಂಬ ಸುದ್ದಿ ಹಳ್ಳಿಹಳ್ಳಿಗೆ ಹಬ್ಬುತ್ತಿತ್ತು. ಆದ್ದರಿಂದ ಮುಖ ತೋರಿಸಿದ್ದು ಅಗತ್ಯವೇ ಆಗಿತ್ತು ಎಂದು ನಾವು ಒಪ್ಪುತ್ತೇವೆ.

ಆದರೂ ಗಮನಿಸಿ: ಅಷ್ಟೆಲ್ಲ ತೋರಿಸಿದರೂ ಸಂಶಯ ನಿಲ್ಲಲಿಲ್ಲ. ಅವನನ್ನು ಮೊದಲೇ ಹಿಡಿದು ಕೊಂದರು, ಊಟದಲ್ಲಿ ಏನೋ ಬೆರೆಸಿದ್ದರು ಎಂಬ ಮಾತುಗಳು ಇಂದಿಗೂ ಇವೆ. ಮತ್ತೆ ಅದೇ. ಸತ್ತದ್ದನ್ನು ಚಿತ್ರ ತೋರಿಸಿತು, ಹೇಗೆ ಸತ್ತ ಎಂಬುದಕ್ಕೆ ಅದು ಉತ್ತರವಾಗಲಿಲ್ಲ.

ವೀರಪ್ಪನ್ ಹುಟ್ಟಿದ ಗೋಪಿನಾಥಂ ಹಳ್ಳಿಯಲ್ಲಿ ಜನ ಇನ್ನೊಬ್ಬರನ್ನು ನೆನೆಯುತ್ತಾರೆ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್. ಬಂದೂಕಿನಿಂದಲ್ಲ, ಮಾತಿನಿಂದ, ದುಡಿಮೆಯಿಂದ ಆ ಹಳ್ಳಿಯ ಮನ ಗೆದ್ದವರು. ಜನರಿಗೆ ಮಾರಮ್ಮನ ಗುಡಿ ಕಟ್ಟಿಸಿಕೊಟ್ಟರು. ಶರಣಾಗುತ್ತೇನೆ ಎಂಬ ಮಾತು ನಂಬಿ ನಿರಾಯುಧರಾಗಿ ಹೋದ ಅವರನ್ನು 1991ರ ನವೆಂಬರ್ 10ರಂದು ವೀರಪ್ಪನ್ ಕೊಂದು ತಲೆ ಕಡಿದು ಒಯ್ದ. ಆ ತಲೆ ಸಿಕ್ಕಿದ್ದು ಕೆಲವು ವರ್ಷಗಳ ನಂತರ. ಸತ್ತ ವೈರಿಯ ದೇಹವನ್ನು ಗೆಲುವಿನ ಗುರುತಾಗಿ ಎತ್ತಿ ಹಿಡಿಯುವುದು ಎಂದರೆ ಏನೆಂದು ನಮಗೆ ಕಲಿಸಿದವನು ಆ ಕಾಡುಗಳ್ಳನೇ. ಪೊಲೀಸರ ಚಿತ್ರವೂ ಅವನ ಕೃತ್ಯವೂ ಒಂದೇ ಎಂದು ನಾವು ಹೇಳುವುದಿಲ್ಲ. ಒಂದು ಕಡೆ ಕಾನೂನಿತ್ತು, ಇನ್ನೊಂದು ಕಡೆ ಕ್ರೌರ್ಯ. ಆದರೆ ಕಾನೂನಿನ ಕಡೆಯವರಿಗೆ ವೈರಿಯ ಚಾಳಿ ಅಂಟದಂತೆ ಕಾಯುವುದು ಸಹ ಕಾನೂನೇ ಅಲ್ಲವೇ?

ಪಾಲಾರ್ ಬಳಿ 1993ರ ಏಪ್ರಿಲ್‌ನಲ್ಲಿ ವೀರಪ್ಪನ್ ಇಟ್ಟ ನೆಲಬಾಂಬಿಗೆ 22 ಮಂದಿ ಸತ್ತರು. ಅವರಲ್ಲೊಬ್ಬರ ಹೆಂಡತಿ ಆ ಶವದ ಚಿತ್ರವನ್ನು ನೋಡಬೇಕೆಂದರೆ "ಅಮ್ಮಾ, ನೋಡಬೇಡಿ, ಪಾಪ" ಎಂದು ಹೇಳಲು ನಾವು ಯಾರು? ಆಕೆಯ ನೋಟಕ್ಕೂ, ದೇವಾಲಯದ ಅಂಗಳದಲ್ಲಿ ಚಹಾ ಲೋಟ ಹಿಡಿದು ನಿಂತ ನಮ್ಮ ನೋಟಕ್ಕೂ ಅಜಗಜಾಂತರ. ಆಕೆಗೆ ಅದು ಮುಗಿಯದ ಲೆಕ್ಕ. ನಮಗೆ ಅದು ತಿಂಡಿಯ ಜೊತೆಗಿನ ಮಾತು.

ಹೊರದೇಶಗಳವರೂ ಇದೇ ಪ್ರಶ್ನೆಯಲ್ಲಿ ಎಡವಿದ್ದಾರೆ. 2003ರ ಮಾರ್ಚ್‌ನಲ್ಲಿ ಸತ್ತ ಮತ್ತು ಸೆರೆಸಿಕ್ಕ ಅಮೆರಿಕದ ಸೈನಿಕರನ್ನು ಇರಾಕಿನ ಟಿವಿ ತೋರಿಸಿದಾಗ, ಇದು ಜಿನೀವಾ ಒಪ್ಪಂದಕ್ಕೆ ವಿರುದ್ಧ ಎಂದು ಅಮೆರಿಕ ಕೂಗಿತು. ಜುಲೈನಲ್ಲಿ ಅದೇ ಅಮೆರಿಕ ಸದ್ದಾಮ್ ಹುಸೇನನ ಇಬ್ಬರು ಮಕ್ಕಳ ಶವಗಳ ಚಿತ್ರ ಬಿಡುಗಡೆ ಮಾಡಿತು. 2011ರಲ್ಲಿ ಒಸಾಮಾ ಬಿನ್ ಲಾಡೆನನನ್ನು ಕೊಂದಾಗ ಮಾತ್ರ ಅಧ್ಯಕ್ಷ ಒಬಾಮಾ ಚಿತ್ರ ಬಿಡುವುದಿಲ್ಲ ಎಂದರು. ಗೆಲುವಿನ ಕುರುಹಾಗಿ ಇಂಥದ್ದನ್ನು ಮೆರೆಸುವುದು ನಮಗೆ ತಕ್ಕುದಲ್ಲ ಎಂಬುದು ಅವರ ವಾದ. ನಂಬದವರು ನಂಬಲಿಲ್ಲ, ನಿಜ. ಅದರಿಂದ ಆಕಾಶವೇನೂ ಬೀಳಲಿಲ್ಲ.

ಬೊಲಿವಿಯಾ ಸರಕಾರದ ಅನುಭವ ಇನ್ನೂ ವಿಚಿತ್ರ. 1967ರ ಅಕ್ಟೋಬರ್‌ನಲ್ಲಿ ಚೆ ಗೆವಾರನನ್ನು ಕೊಂದ ಮೇಲೆ ವಾಯೆಗ್ರಾಂದೆ ಊರಿನ ಆಸ್ಪತ್ರೆಯ ಬಟ್ಟೆ ಒಗೆಯುವ ಕಟ್ಟೆಯ ಮೇಲೆ ಮಲಗಿಸಿ ಪತ್ರಕರ್ತರನ್ನು ಕರೆದು ತೋರಿಸಿದರು. ಬರಿಮೈ, ತೆರೆದ ಕಣ್ಣು, ಉದ್ದ ಗಡ್ಡ. ಚಿತ್ರ ನೋಡಿದ ಲೋಕಕ್ಕೆ ಶಿಲುಬೆಯಿಂದ ಇಳಿಸಿದ ಯೇಸುಸ್ವಾಮಿ ನೆನಪಾದರು. ವೈರಿಯನ್ನು ಅಳಿಸಲೆಂದು ತೆಗೆಸಿದ ಚಿತ್ರವೇ ಅವನನ್ನು ಅಳಿಯದಂತೆ ಮಾಡಿತು. ಅಲ್ಲಿನ ಬಡ ಕಥೋಲಿಕರು ಇಂದಿಗೂ ಅವನ ಹೆಸರಿನಲ್ಲಿ ಮೇಣದಬತ್ತಿ ಹಚ್ಚುತ್ತಾರಂತೆ. ಗುರುಗಳಿಗೆ ಇದು ಇಷ್ಟವಾಗಲಾರದು, ನಮಗೂ ಇಲ್ಲ.

ಯೇಸುಸ್ವಾಮಿಯ ಮಾತು ಬಂದದ್ದರಿಂದ, ನಮ್ಮಲ್ಲೊಬ್ಬರು ಎತ್ತಿದ ಪ್ರಶ್ನೆಗೆ ಉತ್ತರ ಕೊಡಲೇಬೇಕು. "ನಮ್ಮ ದೇವಾಲಯದ ಗೋಡೆಯ ಮೇಲೆ ಇರುವುದೂ ಸರಕಾರ ಕೊಂದವರ ದೇಹವೇ ಅಲ್ಲವೇ? ರಕ್ತ, ಮೊಳೆ, ಈಟಿಯ ಗಾಯ ಎಲ್ಲವೂ ಇದೆ. ಅದನ್ನು ಮಕ್ಕಳಿಗೆ ತೋರಿಸುವುದಿಲ್ಲವೇ?" ಎಂದರು ಅವರು. ಒಳ್ಳೆಯ ಪ್ರಶ್ನೆ. ರೋಮಿನ ಆಡಳಿತ ಜನ ಓಡಾಡುವ ಕಡೆ ಶಿಲುಬೆ ನೆಡುತ್ತಿದ್ದುದೇ ಎಲ್ಲರೂ ನೋಡಿ ಹೆದರಲಿ ಎಂದು. ಪಿಲಾತ ಶಿಲುಬೆಯ ಮೇಲೆ ಹಾಕಿಸಿದ ಫಲಕ ಮೂರು ಭಾಷೆಗಳಲ್ಲಿತ್ತು ಎಂದು ಸಂತ ಯೊವಾನ್ನರು ಬರೆಯುತ್ತಾರೆ. ಮೂರು ನಾಲ್ಕು ಭಾಷೆಗಳ ನಮ್ಮ ಧರ್ಮಕ್ಷೇತ್ರದಲ್ಲಿ ಸುತ್ತೋಲೆ ಹೊರಡಿಸುವವರಿಗೆ ಆ ಕಷ್ಟ ಗೊತ್ತು. ಯಾರಿಗೂ ತಪ್ಪದಂತೆ ತಲುಪಬೇಕಾದದ್ದನ್ನು ಮಾತ್ರ ಅಷ್ಟು ಭಾಷೆಗಳಲ್ಲಿ ಬರೆಸುತ್ತಾರೆ. ಅಂದರೆ ಶುಭ ಶುಕ್ರವಾರ ನಡೆದದ್ದು ಸರಕಾರವೊಂದು ತಾನು ಕೊಂದವನನ್ನು ಪ್ರದರ್ಶಿಸಿದ ಘಟನೆಯೇ. ಆದರೆ ಆ ಪ್ರದರ್ಶನ ಸಂಜೆಗೆ ಮುಗಿಯಿತು. ಅರಿಮತಾಯದ ಜೋಸೆಫರು ಧೈರ್ಯ ಮಾಡಿ ಪಿಲಾತನ ಬಳಿಗೆ ಹೋಗಿ ದೇಹವನ್ನು ಕೇಳಿದರು. ನಾರುಬಟ್ಟೆಯಲ್ಲಿ ಸುತ್ತಿದರು. ನಾವು ಗೋಡೆಗೆ ಹಾಕಿರುವುದು ರೋಮಿನವರು ತೋರಿಸಿದ ಚಿತ್ರವಲ್ಲ. ಆ ದೇಹವನ್ನು ಕೆಳಗಿಳಿಸಿ ಕಣ್ಣೀರಿಟ್ಟವರು ನೆನಪಿನಲ್ಲಿ ಇಟ್ಟುಕೊಂಡದ್ದು. ದೇಹ ಒಂದೇ, ಎತ್ತಿ ಹಿಡಿದ ಕೈ ಬೇರೆ.

ಪವಿತ್ರ ಗ್ರಂಥ ಈ ವಿಷಯದಲ್ಲಿ ಏಕರೂಪವಾಗಿಲ್ಲ ಎಂಬುದನ್ನೂ ಮುಚ್ಚಿಡಬಾರದು. ದಾವೀದ ಗೊಲಿಯಾತನ ತಲೆಯನ್ನು ಜೆರುಸಲೇಮಿಗೆ ಒಯ್ಯುತ್ತಾನೆ. ಯೂದಿತಳು ಹೊಲೊಫೆರ್ನನ ತಲೆಯನ್ನು ಕೋಟೆಯ ಗೋಡೆಗೆ ತೂಗುಹಾಕಿಸುತ್ತಾಳೆ. ಆದರೆ ಸೌಲನ ದೇಹವನ್ನು ಫಿಲಿಷ್ಟಿಯರು ಗೋಡೆಗೆ ಹೊಡೆದಾಗ ಯಾಬೇಷಿನ ಗಂಡಸರು ರಾತ್ರಿಯೆಲ್ಲ ನಡೆದು ಹೋಗಿ ಅದನ್ನು ಇಳಿಸಿ ತಂದರು. ಗಲ್ಲಿಗೇರಿಸಿದವನ ಶವ ಕೂಡ ರಾತ್ರಿ ಮರದ ಮೇಲೆ ಉಳಿಯಬಾರದು ಎಂದು ಧರ್ಮೋಪದೇಶಕಾಂಡದ 21ನೇ ಅಧ್ಯಾಯ ಹೇಳುತ್ತದೆ. ಸಮುವೇಲನ ಎರಡನೆಯ ಗ್ರಂಥದಲ್ಲಿ ರಿಚ್ಪ ಎಂಬ ತಾಯಿ ಇದ್ದಾಳೆ. ರಾಜನ ಒಪ್ಪಿಗೆಯಿಂದ ಕೊಂದು ಬೆಟ್ಟದ ಮೇಲೆ ಬಿಟ್ಟಿದ್ದ ತನ್ನ ಮಕ್ಕಳ ಶವಗಳ ಬಳಿ ಬಂಡೆಯ ಮೇಲೆ ಗೋಣಿತಟ್ಟು ಹಾಸಿ ಕೂತು, ಸುಗ್ಗಿಯಿಂದ ಮಳೆ ಬೀಳುವ ತನಕ, ಹಗಲು ಹಕ್ಕಿಗಳನ್ನು, ರಾತ್ರಿ ಮೃಗಗಳನ್ನು ಓಡಿಸಿದಳು. ಒಂದು ಮಾತೂ ಆಡಿದ ಉಲ್ಲೇಖವಿಲ್ಲ. ಸುದ್ದಿ ದಾವೀದನಿಗೆ ಮುಟ್ಟಿತು. ಅವನು ಸೌಲ ಮತ್ತು ಯೋನಾತಾನರ ಮೂಳೆಗಳ ಜೊತೆಗೆ ಅವುಗಳನ್ನೂ ಕೂಡಿಸಿ ಸಂಸ್ಕಾರ ಮಾಡಿಸಿದ. ಆಳುವವನು ತಿದ್ದಿಕೊಂಡದ್ದು ಒಬ್ಬ ತಾಯಿಯನ್ನು ಕಂಡು.

ತಾಯಂದಿರ ವಿಷಯದಲ್ಲಿ ಇನ್ನೊಂದು ಮಾತು. 1955ರಲ್ಲಿ ಅಮೆರಿಕದ ಮಿಸಿಸಿಪ್ಪಿಯಲ್ಲಿ ಎಮ್ಮೆಟ್ ಟಿಲ್ ಎಂಬ ಹದಿನಾಲ್ಕರ ಕಪ್ಪು ಬಾಲಕನನ್ನು ಬಿಳಿಯರು ಕೊಂದಾಗ ಅವನ ತಾಯಿ ಶವಪೆಟ್ಟಿಗೆಯ ಮುಚ್ಚಳ ತೆರೆದೇ ಇಡಿಸಿದಳು. ಲೋಕ ನೋಡಲಿ ಎಂದಳು. ಅದು ಅವಳ ಹಕ್ಕು. ಕೊಂದವರಿಗೆ ಆ ಹಕ್ಕಿಲ್ಲ.

ನಮ್ಮ ದೇಶದ ಕಾನೂನು ಈ ವಿವೇಕದಿಂದ ದೂರವಿಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎನ್‌ಕೌಂಟರ್ ಸಾವುಗಳ ಬಗ್ಗೆ 16 ಮಾರ್ಗಸೂಚಿಗಳನ್ನು ಕೊಟ್ಟಿತು. ಸತ್ತವರ ಗುರುತಿಗಾಗಿ ಬಣ್ಣದ ಚಿತ್ರ ತೆಗೆಯಬೇಕು. ಇಬ್ಬರು ವೈದ್ಯರು ಮರಣೋತ್ತರ ಪರೀಕ್ಷೆ ಮಾಡಬೇಕು, ಅದನ್ನು ವಿಡಿಯೊ ಮಾಡಿ ಕಾಪಾಡಬೇಕು. ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಬೇಕು. ಹತ್ತಿರದ ಬಂಧುಗಳಿಗೆ ಆದಷ್ಟು ಬೇಗ ತಿಳಿಸಬೇಕು. ಘಟನೆಯ ಬೆನ್ನಿಗೇ ಅಧಿಕಾರಿಗಳಿಗೆ ಶೌರ್ಯ ಪದಕ ಕೊಡಬಾರದು. ನೋಡಿ, ಚಿತ್ರ ಬೇಡ ಎಂದಿಲ್ಲ. ಪ್ರತಿ ಗಾಯದ ದಾಖಲೆ ಇರಲಿ ಎಂದೇ ಅದರ ಅರ್ಥ. ಆದರೆ ಆ ಚಿತ್ರ ಹೋಗಬೇಕಾದದ್ದು ಪ್ರಶ್ನೆ ಕೇಳುವ ಅಧಿಕಾರ ಉಳ್ಳವರ ಕೈಗೆ: ವೈದ್ಯರಿಗೆ, ನ್ಯಾಯಾಧೀಶರಿಗೆ, ಮನೆಯವರಿಗೆ, ಅವರ ವಕೀಲರಿಗೆ. ನಡೆಯುತ್ತಿರುವುದು ಬಹಳ ಸಲ ತಲೆಕೆಳಗು. 2025ರ ಮೇ ತಿಂಗಳಲ್ಲಿ ಛತ್ತೀಸ್‌ಗಢದಲ್ಲಿ ಮಾವೋವಾದಿ ಪಕ್ಷದ ಪ್ರಧಾನ ಕಾರ್ಯದರ್ಶಿ ನಂಬಾಲ ಕೇಶವ ರಾವ್ ಕೊಲ್ಲಲ್ಪಟ್ಟಾಗ ಶವದ ಚಿತ್ರ ದೇಶದ ಮೂಲೆಮೂಲೆಯ ಮೊಬೈಲಿಗೆ ತಲುಪಿತು. ದೇಹ ಮಾತ್ರ ಆಂಧ್ರದಿಂದ ಬಂದು ಕಾದ ಬಂಧುಗಳಿಗೆ ಸಿಗಲಿಲ್ಲ, ನಾರಾಯಣಪುರದಲ್ಲೇ ಸುಟ್ಟರು.

ಸತ್ತವರನ್ನು ಸಮಾಧಿ ಮಾಡುವುದು ಕರುಣೆಯ ಕಾರ್ಯಗಳಲ್ಲಿ ಒಂದು ಎಂದು ಧರ್ಮಸಭೆ ನಮಗೆ ಕಲಿಸಿದೆ. ಮೃತದೇಹವನ್ನು ಗೌರವದಿಂದ, ಪ್ರೀತಿಯಿಂದ ಕಾಣಬೇಕು ಎನ್ನುವ ಧರ್ಮೋಪದೇಶ ಗ್ರಂಥ, ಒಳ್ಳೆಯವರ ದೇಹವನ್ನು ಮಾತ್ರ ಎಂದು ಹೇಳಿಲ್ಲ. ಆದ್ದರಿಂದ ನಮ್ಮ ಅಭಿಪ್ರಾಯ ಇದು: ಗುರುತಿಗೆ ಬೇಕೇಬೇಕಾದಾಗ ಸರಕಾರ ತೊಳೆದು ಒರೆಸಿದ ಮುಖವನ್ನು, ಬಟ್ಟೆ ಹೊದಿಸಿದ ದೇಹವನ್ನು ತೋರಿಸಲಿ. ಗಾಯಗಳನ್ನು ನ್ಯಾಯಾಲಯಕ್ಕೆ ತೋರಿಸಲಿ. ಅದಕ್ಕಿಂತ ಹೆಚ್ಚಿನದನ್ನು ಊರಿಗೆ ಹಂಚಿದರೆ ಅದು ಪುರಾವೆಯಾಗುವುದಿಲ್ಲ, ಬೇಟೆಯ ಕೊಂಬಾಗುತ್ತದೆ. ಇದನ್ನು ಎಲ್ಲರೂ ಒಪ್ಪಿಲ್ಲ. ಅಂಗಳದಲ್ಲಿ "ಹೀಗೇ ಆಗಬೇಕು" ಎಂದವರು ಈ ಬರಹ ಓದಿ ಕೇಳಿಸಿದಾಗ, "ನಿಮ್ಮ ಮನೆಯವರನ್ನು ಅವರು ಕೊಂದಿದ್ದರೆ ಹೀಗೆ ಬರೆಯುತ್ತಿದ್ದಿರಾ?" ಎಂದರು. ಬಹುಶಃ ಬರೆಯುತ್ತಿರಲಿಲ್ಲ. ಅದಕ್ಕೇ ಇಂಥ ವಿಷಯವನ್ನು ನೊಂದವರ ಕೈಗೂ, ಗೆದ್ದವರ ಕೈಗೂ ಬಿಡದೆ ಕಾನೂನಿನ ಕೈಗೆ ಕೊಟ್ಟಿರುವುದು ಎಂದೆವು. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಆ ಮಗುವಿನ ಪ್ರಶ್ನೆಗೆ ಉತ್ತರ ಇನ್ನೂ ಸಿಕ್ಕಿಲ್ಲ. ಮುಂದಿನ ಭಾನುವಾರ ಆ ಯುವಕನನ್ನೇ ಕೇಳಿದೆವು. ಚಿತ್ರವನ್ನು ಅಂದು ಸಂಜೆಯೇ ಅಳಿಸಿದೆ ಎಂದ. ಸ್ವಲ್ಪ ಹೊತ್ತು ಬಿಟ್ಟು, ಅಳಿಸುವ ಮೊದಲು ನಾಲ್ಕು ಗುಂಪುಗಳಿಗೆ ಕಳಿಸಿದ್ದೆ ಎಂದೂ ಹೇಳಿದ. ಹೆಸರು ಅವನಿಗೂ ಗೊತ್ತಿರಲಿಲ್ಲ.